ಐದನೇ ಬೊಟ್ಟು

ನಮ್ಮ ಮನೆಯಲ್ಲಿ ಜ್ವರ ಅನ್ನುವ ಮಾತಿಗೆ ಎರಡು ಅರ್ಥವಿತ್ತು. ಒಂದು ಎಲ್ಲರಿಗೂ ಬರುವ ಜ್ವರ, ಮೈ ಸುಡುವುದು, ಬಾಯಿ ಕಹಿಯಾಗುವುದು. ಇನ್ನೊಂದು ರೇಷ್ಮೆ ಹುಳದ್ದು. ಮೊಟ್ಟೆಯೊಡೆದು ಬಂದ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಮೈಯ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಇದ್ದುಬಿಡುತ್ತದೆ. ಅದಕ್ಕೆ ನಮ್ಮ ಸುಗಟೂರಿನ ಕಡೆ ಹುಳ ಜ್ವರಕ್ಕೆ ಕೂತವು ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು, ಅಲ್ಲಾಡಿಸಬಾರದು. ತಟ್ಟೆ ಒಣಗಿರಲಿ ಎಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು. ಎಲ್ಲ ಹುಳಗಳೂ ಎದ್ದ ಮೇಲೆಯೇ ಮೊದಲ ಸೊಪ್ಪು. ಇದನ್ನೆಲ್ಲ ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಕಲಿಸಿದವಳು ಅವ್ವ.

ಅಪ್ಪನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಅವಳು ಮುಳಬಾಗಿಲಿನ ಆಚೆ, ಗಡಿಗೆ ಅಂಟಿಕೊಂಡ ಹಳ್ಳಿಯವಳು. ಮದುವೆಯಾಗಿ ಸುಗಟೂರಿಗೆ ಬಂದ ಮೇಲೆ ಕನ್ನಡ ಕಲಿತಿದ್ದಳು. ಮನೆಮಾತು ಕನ್ನಡವೇ ಆಯಿತು. ಬಯ್ಯುವಾಗ ಮತ್ತು ಮಕ್ಕಳನ್ನು ಮಲಗಿಸುವಾಗ ಮಾತ್ರ ತೆಲುಗು. ಸಣ್ಣ ಆಳು, ಬಗ್ಗಿದ ಬೆನ್ನು, ಬಲಗೈಯ ಉಗುರುಗಳಲ್ಲಿ ಯಾವಾಗಲೂ ಹಿಪ್ಪುನೇರಳೆ ಸೊಪ್ಪಿನ ಹಸಿರು. ಹುಳದ ಮನೆ ಅವಳದು. ಹಾಗೆಂದರೆ ಮನೆಯ ಒಳ್ಳೆಯ ಕೋಣೆ ಅವಳದು ಎಂದೇ ಅರ್ಥ. ಗಾಳಿ ಬರುವ ದೊಡ್ಡ ಪಡಸಾಲೆ ಹುಳಗಳಿಗೆ, ನಮಗೆ ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆ ಮತ್ತು ಜಗುಲಿ. ಹುಳ ದೊಡ್ಡದಾದ ವಾರದಲ್ಲಂತೂ ನಾವು ನೆಂಟರ ಮನೆಯಲ್ಲಿ ಇದ್ದವರಂತೆ ಮುದುರಿಕೊಂಡು ಮಲಗುತ್ತಿದ್ದೆವು. ಬಿದಿರ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಏರಿರುತ್ತಿದ್ದವು. ಅವನ್ನು ಹೊತ್ತ ಕಂಬಗಳ ಕಾಲುಗಳು ಇರುವೆ ಹತ್ತದಂತೆ ನೀರಿನ ಬಟ್ಟಲುಗಳಲ್ಲಿ ನಿಂತಿರುತ್ತಿದ್ದವು. ಚಳಿಗಾಲದಲ್ಲಿ ಮೂಲೆಯಲ್ಲೊಂದು ಕುಂಪಟಿ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ಹಸಿ ಸೊಪ್ಪಿನ ಆ ವಾಸನೆ, ನಾಲ್ಕನೇ ಜ್ವರ ಎದ್ದ ಮೇಲೆ ಸಾವಿರ ಬಾಯಿಗಳು ಒಟ್ಟಿಗೆ ಮೇಯುವ ಆ ಸರಸರ ಸದ್ದು, ಹೊಸ್ತಿಲ ಮೇಲೆ ತಲೆಯಿಟ್ಟು ಅದನ್ನು ಕೇಳುತ್ತ ನಿದ್ದೆಹೋಗುತ್ತಿದ್ದ ನಾನು. ಈಗಲೂ ಬಸ್ಸಿನ ಕಿಟಕಿಯಿಂದ ಎಲ್ಲಾದರೂ ಹಿಪ್ಪುನೇರಳೆ ತೋಟ ಕಂಡರೆ ನನ್ನ ಕಿವಿಗೆ ಮೊದಲು ಬರುವುದು ಆ ಸದ್ದು.

ಒಳಗೆ ಹೋಗಲು ಕಟ್ಟುನಿಟ್ಟು ಬಹಳ. ಕಾಲು ತೊಳೆಯಬೇಕು, ಮೊಣಕೈವರೆಗೆ ಕೈ ತೊಳೆಯಬೇಕು. ಒಗ್ಗರಣೆ ಘಾಟು ಆ ಕಡೆ ಸುಳಿಯಬಾರದು. ಅವ್ವ ಹೊಗೆಸೊಪ್ಪು ಜಗಿಯುತ್ತಿದ್ದಳು. ಹೊಗೆಸೊಪ್ಪಿನ ಒಂದು ಎಸಳು ಸೋಕಿದರೂ ರೇಷ್ಮೆ ಹುಳ ಸಾಯುತ್ತದೆ. ಹಾಗಾಗಿ ಅವಳು ಹಿತ್ತಲಿಗೆ ಹೋಗಿ ಉಗಿದು, ಮೂರು ಸಲ ಬಾಯಿ ಮುಕ್ಕಳಿಸಿ, ಬೂದಿ ಹಚ್ಚಿ ಕೈ ಉಜ್ಜಿ, ತೊಳೆದ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಹಿಡಿದು ಬರುತ್ತಿದ್ದಳು. ಹಾದಿಯಲ್ಲಿ ಯಾವುದನ್ನೂ ಮುಟ್ಟುತ್ತಿರಲಿಲ್ಲ, ಸೆರಗನ್ನು ಕೂಡ. ನಾನು ಕಾಲೇಜಿಗೆ ಸೇರಿ ಪೌಡರ್ ಹಚ್ಚಿಕೊಳ್ಳಲು ಕಲಿತ ಮೇಲೆ ಬಾಗಿಲಲ್ಲೇ ತಡೆದಳು.

"ಏನೇ ಅದು, ಮದ್ವೆ ಮನೆ ವಾಸ್ನೆ? ಮುಖ ತೊಳ್ಕಂಡು ಬಾ. ನನ್ನ ಮಕ್ಕಳು ಸೀನ್ತಾವೆ."

"ಹುಳ ಎಲ್ಲಾದ್ರೂ ಸೀನುತ್ತಾ ಅವ್ವ?"

"ನಿಂಗೇನು ಗೊತ್ತು, ನೀನು ಓದಿದವಳು."

ಬಾಗಿಲ ಚೌಕಟ್ಟಿನ ಮೇಲೆ ಅವಳ ಲೆಕ್ಕ ಇರುತ್ತಿತ್ತು. ಓದು ಬರಹ ತಿಳಿಯದವಳು. ಹುಳ ಒಂದೊಂದು ಜ್ವರಕ್ಕೆ ಕೂತಾಗಲೂ ತೋರುಬೆರಳನ್ನು ಸುಣ್ಣದಲ್ಲಿ ಅದ್ದಿ ಒಂದು ಬೊಟ್ಟು ಇಡುತ್ತಿದ್ದಳು. ಒಂದು ಬೆಳೆಗೆ ಒಂದು ಸಾಲು, ಸಾಲಿಗೆ ನಾಲ್ಕು ಬೊಟ್ಟು. ಅಪ್ಪ ತೋಟದಿಂದ ಬಂದವನು ಚೌಕಟ್ಟು ನೋಡಿಯೇ ನಾಳೆ ಎಷ್ಟು ಸೊಪ್ಪು ಕೊಯ್ಯಬೇಕೆಂದು ತೀರ್ಮಾನಿಸುತ್ತಿದ್ದ. ಸಂಕ್ರಾಂತಿಗೆ ಮನೆ ತೊಳೆದಾಗ ಹಳೆಯ ಸಾಲುಗಳು ಅಳಿಸಿಹೋಗಿ ಹೊಸ ವರ್ಷದ ಬಾಗಿಲು ಖಾಲಿಯಾಗುತ್ತಿತ್ತು.

ನಾನು ಕೋಲಾರದಲ್ಲಿ ಪಿಯುಸಿ ಮೊದಲ ವರ್ಷದಲ್ಲಿದ್ದೆ. ಒಂದು ಸಂಜೆ ಬಸ್ಸಿಳಿದು ಬಂದು ಪುಸ್ತಕ ಇಡುವಾಗ ಚೌಕಟ್ಟಿನ ಕಡೆ ಕಣ್ಣು ಹೋಯಿತು. ಆ ಸಾಲಿನಲ್ಲಿ ಐದು ಬೊಟ್ಟು ಇತ್ತು. ನಾನು ನಕ್ಕೆ.

"ಅವ್ವ, ಐದು ಇಟ್ಟಿದೀಯಲ್ಲ!"

"ಏನು ಐದು?"

"ಬೊಟ್ಟು. ಐದನೇ ಜ್ವರ ಯಾವುದು?"

ಅವ್ವ ಹತ್ತಿರ ಬಂದು ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಹತ್ತಿರ ಬೆರಳು ನಿಂತಿತು. ಮತ್ತೆ ಮೊದಲಿನಿಂದ ತೆಲುಗಿನಲ್ಲಿ ಎಣಿಸಿದಳು. ಒಕಟಿ, ರೆಂಡು, ಮೂಡು, ನಾಲುಗು, ಐದು. ಎರಡು ಭಾಷೆಯಲ್ಲೂ ಐದು ಐದೇ. ಅವಳ ಮುಖದಲ್ಲಿ ಆಗ ಕಂಡದ್ದನ್ನು ಏನೆಂದು ಹೇಳಲಿ? ಸಂತೆಯ ಜನದಲ್ಲಿ ಕೈ ತಪ್ಪಿದ ಮಗುವಿನ ಮುಖ ಹಾಗಿರುತ್ತದೆ, ಅಳು ಶುರುವಾಗುವ ಸ್ವಲ್ಪ ಮುಂಚೆ.

"ನಿಮ್ಮಪ್ಪ ಎಲ್ಲಿ?"

"ತೋಟದಲ್ಲಿ."

"ಅಳಿಸ್ಬಿಡು. ಯಾರಿಗೂ ಹೇಳ್ಬೇಡ ಕಣೇ ಜಯಾ. ನಿಮ್ಮಪ್ಪ ಕೋಣೆ ಕಿತ್ಕೊಂಡ್ಬಿಡ್ತಾನೆ."

ಎಂಜಲು ಹಚ್ಚಿದ ಹೆಬ್ಬೆರಳಿನಿಂದ ನಾನು ಐದನೇ ಬೊಟ್ಟನ್ನು ಉಜ್ಜಿ ಅಳಿಸಿದೆ. ಮರದ ಮೇಲೆ ಒಂದು ಮಬ್ಬು ಗುರುತು ಉಳಿಯಿತು. ಅಂದಿನಿಂದ ನನ್ನ ಕೆಮಿಸ್ಟ್ರಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹುಳದ ಲೆಕ್ಕ ಬರೆಯತೊಡಗಿದೆ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅವಳ ಕಿವಿಯಲ್ಲಿ ಹೇಳಿ ಹೋಗುತ್ತಿದ್ದೆ, "ಅವ್ವ, ಇವತ್ತು ಎರಡನೇ ಜ್ವರ ಏಳ್ತಾವೆ, ಸಂಜೆ ಸಣ್ಣಗೆ ಹೆಚ್ಚಿದ ಸೊಪ್ಪು." ಅವಳು ತಲೆಯಾಡಿಸುತ್ತಿದ್ದಳು. ಅಪ್ಪ ಕೇಳಿದಾಗ ತಾನೇ ಎಣಿಸಿದವಳಂತೆ ಹೇಳುತ್ತಿದ್ದಳು. ನಮ್ಮಿಬ್ಬರದೇ ಒಂದು ಆಟ ಇದು ಎಂದುಕೊಂಡಿದ್ದೆ. ಹದಿನೇಳು ವರ್ಷದ ಹುಡುಗಿಗೆ, ಇಡೀ ಮನೆಯನ್ನು ನಡೆಸುವ ಹೆಂಗಸೊಬ್ಬಳು ತನ್ನ ಮೇಲೆ ಒರಗಿದ್ದಾಳೆ ಅನ್ನುವುದು ಎಷ್ಟು ದೊಡ್ಡ ಹೆಮ್ಮೆ! ನಾನಿಲ್ಲದಿದ್ದರೆ ಅವ್ವನಿಗೆ ನಡೆಯುವುದಿಲ್ಲ ಎಂದು ಬಸ್ಸಿನಲ್ಲಿ ಕೂತು ಸಂತೋಷಪಡುತ್ತಿದ್ದೆ. ಆ ಸಂತೋಷದ ನೆನಪು ಇವತ್ತು ಮುಳ್ಳಿನ ಹಾಗೆ ಚುಚ್ಚುತ್ತದೆ. ಆದರೂ ಅದು ಬೇಕು ಅನ್ನಿಸುತ್ತದೆ.

ಮುಂದಿನ ಬೆಳೆಯಲ್ಲಿ ಎರಡು ತಟ್ಟೆ ಹುಳ ಸತ್ತವು. ಕಾಲೇಜಿಗೆ ರಜೆ ಇದ್ದ ದಿನ. ಒಳಗೆ ಹೋದರೆ ಹುಳಗಳು ತಲೆ ಕೊಡವುತ್ತ, ಹಸಿರು ಕಕ್ಕುತ್ತ ಹೊರಳಾಡುತ್ತಿವೆ. ಸೊಪ್ಪಿನ ನಡುವೆ ಕಂದುಬಣ್ಣದ ಒಂದು ಚೂರು. ಮೂಸಿ ನೋಡಿದೆ. ತಿರುಗಿದರೆ ಅವ್ವ ತಟ್ಟೆಗಳ ನಡುವೆ ಸೊಪ್ಪು ಉದುರಿಸುತ್ತ ನಿಂತಿದ್ದಾಳೆ, ಎಡದವಡೆ ಉಬ್ಬಿದೆ, ತುಟಿಯಂಚಿನಲ್ಲಿ ಕೆಂಪು. ಬಾಯಿತುಂಬ ಎಲೆ ಅಡಿಕೆ ಹೊಗೆಸೊಪ್ಪು. ಅಷ್ಟು ವರ್ಷಗಳಲ್ಲಿ ಅವಳು ಹೊಸ್ತಿಲು ದಾಟಿಸದ ವಸ್ತು. ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು ಬಾಯಿ ತೊಳೆಸಿದೆ. ಮಗುವಿನಂತೆ ಮುಕ್ಕಳಿಸಿದಳು. ಅಪ್ಪ ಬಂದು ತಟ್ಟೆ ನೋಡಿದ.

"ಯಾರು ಒಳಗೆ ಬಂದಿದ್ದು?"

ಅವ್ವ ನನ್ನ ಮುಖ ನೋಡಿದಳು. ನಾನು ಹೇಳಿಬಿಟ್ಟೆ, "ನಾನೇ ಅಪ್ಪ. ಪೌಡರ್ ಹಾಕ್ಕೊಂಡಿದ್ದೆ, ಮರ್ತು ಒಳಗೆ ಹೋದೆ."

"ಕಾಲೇಜಿಗೆ ಕಳ್ಸಿದ್ದು ಇದಕ್ಕೇನಾ? ಹುಳದ ಮನೇಲಿ ಉಂಡು ಬೆಳ್ದವಳು ನೀನು, ಪೇಟೆಯವರ ಮನೆ ಹುಡುಗಿಯಲ್ಲ. ಇನ್ನೊಂದ್ಸಲ ಆ ಬಾಗ್ಲು ತುಳಿದ್ರೆ ನೋಡು."

ಆಗ ಅವ್ವ ನಡುವೆ ಬಂದಳು. "ಬಿಡಪ್ಪಾ, ಹುಡುಗಿ ಅದು." ಆಮೇಲೆ ನನ್ನ ಕಡೆ ತಿರುಗಿ, ತುಂಬ ಬೇಸರದಿಂದ, "ಆ ಹಾಳು ಪೌಡರ್ ಹಾಕ್ಕೊಂಡು ಬರ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ?"

ನನ್ನನ್ನು ಉಳಿಸಲು ಅವಳು ನಾಟಕ ಆಡುತ್ತಿದ್ದಾಳೆ ಎಂದು ಒಂದು ಕ್ಷಣ ಅಂದುಕೊಂಡೆ. ಅವಳ ಕಣ್ಣು ನೋಡಿದೆ. ನಾಟಕ ಇರಲಿಲ್ಲ. ಹಿತ್ತಲಲ್ಲಿ ಬಾಯಿ ತೊಳೆದು ಒಂದು ಗಂಟೆಯೂ ಆಗಿರಲಿಲ್ಲ. ಅವಳು ನನ್ನ ಸುಳ್ಳನ್ನು ನಂಬಿದ್ದಳು. ಆ ಹೊತ್ತಿಗೆ ನಾನು ಅಪ್ಪನಿಗೆ ಎಲ್ಲವನ್ನೂ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೋಣೆ ಕಿತ್ಕೊಂಡ್ಬಿಡ್ತಾನೆ ಎಂದಿದ್ದಳಲ್ಲ. ಕೋಣೆ ಹೋದ ಮೇಲೆ ಅವ್ವ ಅಂತ ಏನು ಉಳಿಯುತ್ತದೆ ಎಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ.

ಆ ವರ್ಷ ಮನೆಯವರೆಲ್ಲರಿಗೂ ಅಷ್ಟಿಷ್ಟು ಕಂಡಿತ್ತು. ಬಸ್ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕುವುದನ್ನು ಮರೆತು ಪಾತ್ರೆ ಸೀದಿತ್ತು. ಮಾತಿನ ನಡುವೆ ತೆಲುಗು ಹೆಚ್ಚಾಗಿತ್ತು. ಒಮ್ಮೆ ಅಪ್ಪ ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ, "ಆಯನ ಎವರೇ? ಮೂರು ದಿನದಿಂದ ಇಲ್ಲೇ ಉಣ್ತಾ ಅವ್ನೆ," ಎಂದಳು. ಆತ ಯಾರು ಎಂದು ಕೇಳಿದ್ದು, ತಾನೇ ಹೆತ್ತ ಮಗನನ್ನು. ನಾನು ನಕ್ಕು ಅಮ್ಮನಿಗೆ ಹೇಳಿದೆ, ಅಮ್ಮನೂ ನಕ್ಕಳು. "ಅರಳುಮರಳು" ಎಂದಳು. ಆ ಕಾಲಕ್ಕೆ ನಮಗೆ ಇದ್ದದ್ದು ಆ ಒಂದೇ ಮಾತು. ಅದು ನಗುವಿಗೆ ಹತ್ತಿರದ ಮಾತು, ಭಯಕ್ಕೆ ದೂರದ್ದು. ಡಿಮೆನ್ಷಿಯಾ ಎಂಬ ಹೆಸರನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ, ಮಾಲೂರಿನಲ್ಲಿ ವೈದ್ಯರೊಬ್ಬರ ಕೋಣೆಯ ಹೊರಗೆ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ. ಅದರಲ್ಲಿ ಬರೆದಿದ್ದ ಒಂದೊಂದು ಲಕ್ಷಣಕ್ಕೂ ನನ್ನ ಹತ್ತಿರ ಒಂದೊಂದು ದಿನ ಇತ್ತು.

ಇನ್ನು ಆ ದಿನ. ಅಕ್ಕ ಎರಡನೇ ಹೆರಿಗೆಗೆ ಬಂದಿದ್ದಳು. ಅವಳ ಮೊದಲ ಮಗ ಗುಂಡನಿಗೆ ಒಂದೂವರೆ ವರ್ಷ. ಹುಳದ ಬೆಳೆ ಮುಗಿದು ಗೂಡು ಸಾಗಿಸಿ ಆಗಿತ್ತು. ತಟ್ಟೆಗಳನ್ನು ತೊಳೆದು, ಸಗಣಿ ಸಾರಿಸಿ ಒಣಗಿಸಿ ಪಡಸಾಲೆಯ ಗೋಡೆಗೆ ಒರಗಿಸಿದ್ದೆವು. ಹುಳವಿಲ್ಲದ ದಿನಗಳಲ್ಲಿ ಅವ್ವ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಳು. ಬೆಳಗಾಗುತ್ತಲೇ ಅಕ್ಕನಿಗೆ ನೋವು ಶುರುವಾಯಿತು. ಅಪ್ಪ ಓಡಿಹೋಗಿ ಡೇರಿಯ ಹಾಲಿನ ವ್ಯಾನ್ ನಿಲ್ಲಿಸಿದ. ಕ್ಯಾನುಗಳ ನಡುವೆ ಗೋಣಿಚೀಲ ಹಾಸಿ ಅಕ್ಕನನ್ನು ಕೂರಿಸಿದರು. ಗುಂಡನಿಗೆ ಹಿಂದಿನ ವಾರ ಬಂದು ಹೋಗಿದ್ದ ಜ್ವರ ಅವತ್ತು ಮತ್ತೆ ಏರಿತ್ತು. ಅವನನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ನನಗೆ ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ, ಎಂಟು ಗಂಟೆಯ ಬಸ್ಸು. ಅಮ್ಮ ವ್ಯಾನ್ ಹತ್ತುತ್ತ ಹಿಂದಿರುಗಿ ನನ್ನನ್ನೇ ಕೇಳಿದಳು. ಅವ್ವನ ಜೊತೆ ಹೆಚ್ಚು ಇರುವವಳು ನಾನು, ನನಗೆ ಗೊತ್ತಿರುತ್ತದೆ ಎಂದು.

"ಜಯಾ, ನಿಜ ಹೇಳು. ಅವ್ವನ ಹತ್ರ ಮಗೂನ ಬಿಟ್ಟು ಹೋಗ್ಬೋದಾ? ಇಲ್ಲಾಂದ್ರೆ ನಾನು ಇಳಿದ್ಬಿಡ್ತೀನಿ."

"ಹೂಂ, ಹೋಗಮ್ಮ. ಅವ್ವ ಚೆನ್ನಾಗಿದಾಳೆ."

ಈ ಮಾತನ್ನು ನಾನು ಎಷ್ಟು ಸಲ ಮತ್ತೆ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅವ್ವನ ಕೋಣೆ ಉಳಿಸಲು ಹೇಳಿದೆನೋ, ಪರೀಕ್ಷೆ ತಪ್ಪಬಾರದೆಂದು ಹೇಳಿದೆನೋ ನನಗೆ ಇವತ್ತಿಗೂ ತಿಳಿಯದು. ಮನೆಯಲ್ಲಿ ಹುಳ ಇಲ್ಲವಲ್ಲ, ಏನು ತಪ್ಪಾಗುತ್ತದೆ ಎಂದು ಯೋಚಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಗುಂಡನನ್ನು ಅವ್ವನ ಮಡಿಲಲ್ಲಿ ಮಲಗಿಸಿ, ಗಂಜಿಯ ಪಾತ್ರೆ ತೋರಿಸಿದೆ.

"ಅವ್ವ, ಮಗೂಗೆ ಜ್ವರ. ನೋಡ್ಕೋ."

ಅವ್ವ ಅವನ ಹಣೆ ಮುಟ್ಟಿ ನೋಡಿದಳು. "ಎಷ್ಟನೇ ಜ್ವರ?"

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹೋದ ವಾರದ್ದು ಒಂದು, ಇದೊಂದು. "ಎರಡನೇದು ಅವ್ವ," ಎಂದೆ. ಅವ್ವ ತಮಾಷೆ ಮಾಡುತ್ತಿದ್ದಾಳೆ ಎಂದು ನಗು ಕೂಡ ಬಂತು.

"ಹಂಗಾ. ನೀನು ಹೋಗು, ನಾನು ನೋಡ್ಕೋತೀನಿ." ಎಷ್ಟು ಗಟ್ಟಿಯಾಗಿ ಹೇಳಿದಳು! ಬಹಳ ದಿನಗಳ ಮೇಲೆ ಹಳೆಯ ಅವ್ವನ ದನಿ ಅದು.

ಪ್ರಾಕ್ಟಿಕಲ್ ಚೆನ್ನಾಗಿ ಆಯಿತು. ಒಂದು ಗಂಟೆಗೆ ಹೊರಗೆ ಬಂದಾಗ ಬಸ್ಸು ಇತ್ತು. ಗೆಳತಿಯರು ಮಸಾಲೆ ದೋಸೆ ತಿನ್ನೋಣ ಎಂದರು. ನಾನು ಹೋದೆ. ಹೋಟೆಲಿನಲ್ಲಿ ಕೂತು, ಪರೀಕ್ಷಕರ ಮೂಗಿನಿಂದ ಜಾರುತ್ತಿದ್ದ ಕನ್ನಡಕವನ್ನು ಅಣಕಿಸಿ ನಗುತ್ತಿದ್ದೆ. ಎರಡು ಗಂಟೆ ದಾಟಿದ ಮೇಲೆ ಮುಂದಿನ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ಹೋಳೂರಿನ ಕಡೆಯ ಇಬ್ಬರು ರೈತರು.

"ಏನಣ್ಣಾ, ಹುಳ ಎಂಗವೆ?"

"ಎರಡನೇ ಜ್ವರಕ್ಕೆ ಕೂತವೆ. ಬೆಳಗ್ಗೆ ಸುಣ್ಣ ಹೊಡ್ದು ಬಾಗ್ಲಾಕ್ಕೊಂಡು ಬಂದೆ. ನಾಳೆ ತಂಕ ಆ ಕಡೆ ತಿರುಗಿ ನೋಡಂಗಿಲ್ಲ."

ಅವ್ವನ ಪ್ರಶ್ನೆ ನೆನಪಾಯಿತು. ಎಷ್ಟನೇ ಜ್ವರ? ಅವ್ವ ತಮಾಷೆ ಮಾಡಿರಲಿಲ್ಲ. ಅವಳು ಕೇಳಿದ್ದಳು, ನಾನು ಲೆಕ್ಕ ಹೇಳಿದ್ದೆ, ದಿನಾ ಬೆಳಿಗ್ಗೆ ಹೇಳುತ್ತಿದ್ದಂತೆಯೇ. ಎದ್ದು ಡ್ರೈವರ್ ಹತ್ತಿರ ಹೋಗಿ ಬೇಗ ಹೋಗಿ ಎಂದು ಬೇಡಿದೆ. "ಕೂತ್ಕೊಳ್ಳಮ್ಮ, ಬಸ್ಸು ಇದು, ವಿಮಾನ ಅಲ್ಲ," ಎಂದ. ಜನ ನಕ್ಕರು. ಪ್ರತಿಯೊಂದು ಸ್ಟಾಪಿನಲ್ಲೂ ಯಾರೋ ಮೂಟೆ ಇಳಿಸುತ್ತಿದ್ದರು, ಯಾರೋ ಚಿಲ್ಲರೆಗೆ ಜಗಳವಾಡುತ್ತಿದ್ದರು. ಆ ದಾರಿಯ ಒಂದೊಂದು ಮರವೂ ನನಗೆ ಗೊತ್ತು. ಕನಸಿನಲ್ಲಿ ಇಂದಿಗೂ ಆ ಬಸ್ಸು ಸುಗಟೂರಿಗೆ ಮುಟ್ಟುವುದಿಲ್ಲ.

ಓಡಿ ಮನೆಗೆ ಬಂದೆ. ಪಡಸಾಲೆಯ ಬಾಗಿಲು ಮುಚ್ಚಿತ್ತು. ಅವ್ವ ಅದಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಅವಳ ತಲೆಯ ಮೇಲೆ, ಚೌಕಟ್ಟಿನಲ್ಲಿ, ಹೊಸದಾಗಿ ಇಟ್ಟ ಎರಡು ಬೊಟ್ಟು ಬೆಳ್ಳಗೆ ಒಣಗಿದ್ದವು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

"ಶ್! ಜ್ವರಕ್ಕೆ ಕೂತೈತೆ. ಎದ್ದ ಮೇಲೆ ಸೊಪ್ಪು."

ಅವಳನ್ನು ದಾಟಿ ಬಾಗಿಲು ತಳ್ಳಿದೆ. ನಡುವೆ ನೆಲದ ಮೇಲೆ ದೊಡ್ಡ ಬಿದಿರ ತಟ್ಟೆ, ತಟ್ಟೆಯಲ್ಲಿ ಹಳೆಯ ಪೇಪರ್ ಹಾಸಿದೆ, ಅದರ ಮೇಲೆ ಗುಂಡ ಬರಿಮೈಯಲ್ಲಿ ಮಲಗಿದ್ದಾನೆ. ತಲೆಯಿಂದ ಕಾಲಿನವರೆಗೆ ಸುಣ್ಣದ ಪುಡಿ. ಎಷ್ಟು ಹದವಾಗಿ, ಎಷ್ಟು ಸಮನಾಗಿ ಉದುರಿಸಿದ್ದಳು! ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ತಟ್ಟಿ ತಟ್ಟಿ ಉದುರಿಸುವ ಅವಳ ಕೈಯ ಕೆಲಸ ಗುರುತು ಸಿಗುವಂತಿತ್ತು. ರೆಪ್ಪೆಗಳು ಬೆಳ್ಳಗಿದ್ದವು, ಕಣ್ಣು ಮುಚ್ಚಿತ್ತು. ತುಟಿ ಒಡೆದಿತ್ತು. ಬೆವರಿದ್ದ ಕತ್ತಿನ ಮಡಿಕೆಯಲ್ಲಿ ಸುಣ್ಣ ಕರಗಿ ಚರ್ಮ ಕೆಂಪಗೆ ಬೆಂದಿತ್ತು. ಮೂಗಿನ ಹತ್ತಿರ ಕೈಯಿಟ್ಟೆ. ಬಿಸಿ ಉಸಿರು. ಗಂಜಿ ಪಾತ್ರೆಯ ಮುಚ್ಚಳ ತೆಗೆದೇ ಇರಲಿಲ್ಲ.

ಒಣ ಸುಣ್ಣವನ್ನು ಮೊದಲು ಒಣಬಟ್ಟೆಯಲ್ಲೇ ಒರೆಸಬೇಕು, ಆಮೇಲೆ ಧಾರಾಳ ನೀರು. ಕಾಲೇಜು ನನಗೆ ಕಲಿಸಿದ್ದರಲ್ಲಿ ಅವತ್ತು ಉಪಯೋಗಕ್ಕೆ ಬಂದದ್ದು ಅಷ್ಟು. ದಾವಣಿಯ ಅಂಚಿನಿಂದ ಮೆಲ್ಲಗೆ ರೆಪ್ಪೆ ಒರೆಸಿದೆ, ಮೈ ಒರೆಸಿದೆ, ಎತ್ತಿಕೊಂಡು ಹಿತ್ತಲಿನ ತೊಟ್ಟಿಗೆ ಓಡಿದೆ. ಅವ್ವ ಹಿಂದೆಯೇ ಬಂದು ನನ್ನ ಮುಂಗೈ ಹಿಡಿದಳು. ಆ ಸಣ್ಣ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಮುಟ್ಟೊದ್ದು, ಮುಟ್ಬೇಡ! ನೀರು ಹಾಕ್ತೀಯಾ? ಜ್ವರದಲ್ಲಿ ನೀರು ಬಿದ್ರೆ ಸತ್ತೋಗ್ತಾವೆ ಕಣೇ! ಯಾರೇ ನಿಂಗೆ ಹುಳ ಸಾಕೋದು ಕಲ್ಸಿದ್ದು?"

ನಾನು ಅವಳನ್ನು ತಳ್ಳಿದೆ. ನನಗೆ ಹುಳ ಸಾಕುವುದನ್ನು ಕಲಿಸಿದವಳನ್ನು. ಒಗೆಯುವ ಕಲ್ಲಿನ ಪಕ್ಕ ಕುಸಿದು ಕೂತಳು, ಏಳಲಿಲ್ಲ. ನಾನು ಚೊಂಬು ಚೊಂಬು ನೀರು ಸುರಿಯುತ್ತಲೇ ಇದ್ದೆ. ಸದ್ದು ಕೇಳಿ ಪಕ್ಕದ ಮನೆಯ ಲಚ್ಚಮ್ಮ ಬಂದಳು. "ಮಧ್ಯಾಹ್ನ ತಂಕ ಅಳ್ತಿತ್ತು ಕಣಮ್ಮ. ಆಮೇಲೆ ಸದ್ದಿಲ್ಲ, ಮಲಕ್ಕೊಂತು ಅನ್ಕೊಂಡೆ," ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳೇ ಸಕ್ಕರೆ ಉಪ್ಪು ಕಲಸಿದ ನೀರು ತಂದಳು. ಚಮಚದಲ್ಲಿ ತುಟಿಗೆ ಮುಟ್ಟಿಸಿದೆವು. ಮೊದಲ ಎರಡು ಚಮಚ ಕಟವಾಯಿಯಿಂದ ಇಳಿದುಹೋಯಿತು. ಮೂರನೆಯದಕ್ಕೆ ಗಂಟಲು ಅಲ್ಲಾಡಿತು. ಆಮೇಲೆ ಗುಂಡ ಕಣ್ಣು ಬಿಟ್ಟು, ನನ್ನನ್ನು ನೋಡಿ, ಸಣ್ಣಗೆ ಅತ್ತ. ಅಷ್ಟು ಇಷ್ಟವಾದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಊರಿನ ಕಾಂಪೌಂಡರ್ ಬಂದು ಕಣ್ಣು ತೊಳೆದು, ಕತ್ತಿಗೆ ಮುಲಾಮು ಹಚ್ಚಿದರು. "ಯಾರಮ್ಮ ಮಗೂಗೆ ಸುಣ್ಣ ಹಾಕಿದ್ದು?" ಎಂದು ಕೇಳಿದರು. ಲಚ್ಚಮ್ಮ ನನ್ನನ್ನು ನೋಡಿದಳು. ನಾನು ಗುಂಡನ ಒದ್ದೆ ತಲೆ ಒರೆಸಿದೆ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, "ಎದ್ದಿತಾ? ಎದ್ದಿತಾ?" ಎನ್ನುತ್ತಿದ್ದಳು.

ಸಂಜೆ ಅಪ್ಪ ಒಬ್ಬನೇ ಬಂದ. ಹೆಣ್ಣು ಮಗು, ತಾಯಿ ಮಗು ಸುಖ ಎಂದು ಅಂಗಳದಿಂದಲೇ ಕೂಗಿ ಹೇಳಿದ. ಕೈಯಲ್ಲಿ ಸಿಹಿಯ ಪೊಟ್ಟಣ ಇತ್ತು. ಅದನ್ನು ಕೆಳಗಿಡಲೂ ಬಿಡದೆ ನಾನು ಹೇಳತೊಡಗಿದೆ. ಸುಣ್ಣದಿಂದ ಶುರುಮಾಡಿ ಹಿಂದಕ್ಕೆ ಹೋದೆ. ಬೆಳಗಿನ ಮಾತು, ನೋಟ್‌ಬುಕ್ಕಿನ ಲೆಕ್ಕ, ಐದನೇ ಬೊಟ್ಟು. ಅಪ್ಪ ಬಯ್ಯಲಿಲ್ಲ. ಪೊಟ್ಟಣವನ್ನು ಜಗುಲಿಯ ಮೇಲಿಟ್ಟ.

"ಹಂಗಾದ್ರೆ ಅವತ್ತು ಪೌಡರ್ ಅಲ್ಲ."

"ಅಲ್ಲ ಅಪ್ಪ. ಹೊಗೆಸೊಪ್ಪು."

"ಒಂದು ವರ್ಷ," ಎಂದ. "ಒಂದು ವರ್ಷದಿಂದ ನಿಂಗೊಬ್ಬಳಿಗೇ ಗೊತ್ತಿತ್ತು. ನಮ್ಮಮ್ಮ ಕಣೇ ಅವಳು. ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ಅವನು ಕೋಪಿಸಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನ ದನಿಯಲ್ಲಿ ಇದ್ದದ್ದು ಬೇರೆ. ಅವನ ತಾಯಿಯ ಕೊನೆಯ ಒಳ್ಳೆಯ ವರ್ಷವನ್ನು ನಾನೊಬ್ಬಳೇ ಇಟ್ಟುಕೊಂಡಿದ್ದೆ, ಅವನಿಗೆ ಪಾಲು ಕೊಡದೆ.

ಮರುದಿನ ಪಡಸಾಲೆಗೆ ಬೀಗ ಬಿತ್ತು. ಆಮೇಲೆ ಹುಳ ಸಾಕಿದ್ದು ಅಪ್ಪ ಮತ್ತು ಅಮ್ಮ. ಅಕ್ಕ ಬಾಣಂತನ ಮುಗಿಸಿ ಹೋಗುವವರೆಗೆ ಅವ್ವನ ಹತ್ತಿರ ಮಕ್ಕಳನ್ನು ಬಿಡಲಿಲ್ಲ. ಯಾರೂ ಅವ್ವನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಅವಳು ದಿನಾ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗಿ, ಮೂರು ಸಲ ಬಾಯಿ ಮುಕ್ಕಳಿಸಿ, ಬೂದಿ ಹಚ್ಚಿ ಮೊಣಕೈವರೆಗೆ ಉಜ್ಜಿ ತೊಳೆದು, ಒದ್ದೆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಹಿಡಿದುಕೊಂಡು ಬಂದು ಆ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದಳು. ಬಾಗಿಲು ಮುಟ್ಟುತ್ತಿರಲಿಲ್ಲ. ಕೈ ಮೈಲಿಗೆಯಾಗುತ್ತದಲ್ಲ.

"ಬಾಗ್ಲು ತೆಗಿಯಮ್ಮ ಯಾರಾದ್ರೂ. ಕೈ ತೊಳ್ದೀನಿ."

ನಾನು ಕಾಲೇಜಿಗೆ ಹೊರಟು ನಿಂತಾಗ ದಿನಾ ಇದು. ಮೊದಲಿನ ದಿನಗಳಲ್ಲಿ ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ. ಒಂದು ದಿನ ತಡೆಯಲಾರದೆ ಹಳೆಯದೊಂದು ತಟ್ಟೆ ತಂದು ಜಗುಲಿಯಲ್ಲಿಟ್ಟು, ಒಂದು ಹಿಡಿ ಸೊಪ್ಪು ಕೊಟ್ಟೆ. ಹುಳವಿಲ್ಲದ ತಟ್ಟೆ. ಅವಳು ಎಲೆಗಳನ್ನು ಬೆರಳಲ್ಲೇ ಹರಿದು ಹರಿದು, ಅಂಚಿನಿಂದ ನಡುವಿಗೆ ಸುತ್ತುತ್ತ ಉದುರಿಸಿದಳು, ಒಂದು ಚೂರೂ ತಟ್ಟೆಯಾಚೆ ಬೀಳದಂತೆ. ಅಮ್ಮ ಒಳಗಿನಿಂದ ನೋಡಿ ಒಲೆಯ ಕಡೆ ಹೋದಳು. ಮರುದಿನದಿಂದ ಅಪ್ಪ ತೋಟದಿಂದ ಬರುವಾಗ ಅವಳಿಗೆಂದು ಬೇರೆಯಾಗಿ ಒಂದು ಸಣ್ಣ ಕಟ್ಟು ಸೊಪ್ಪು ತರತೊಡಗಿದ.

ಗುಂಡ ಈಗ ದೊಡ್ಡ ಗಂಡಸು, ಶ್ರೀನಿವಾಸಪುರದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಏನೂ ನೆನಪಿಲ್ಲ. ಕತ್ತು ಬಗ್ಗಿಸಿ ಊಟ ಮಾಡುವಾಗ ಮಡಿಕೆಯಲ್ಲಿ ಬಿಳಿಚಿಕೊಂಡ ಒಂದು ಗೆರೆ ಕಾಣುತ್ತದೆ. ನೋಡುತ್ತೇನೆ, ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ, ಮತ್ತೆ ನೋಡುತ್ತೇನೆ. "ಏನು ಚಿಕ್ಕಮ್ಮ?" ಎನ್ನುತ್ತಾನೆ. ಏನಿಲ್ಲ, ಉಣ್ಣು, ಎನ್ನುತ್ತೇನೆ.

ಅವ್ವ ಇನ್ನೂ ಮೂರು ವರ್ಷ ಇದ್ದಳು. ಕೊನೆಗೆ ಕನ್ನಡ ಪೂರ್ತಿ ಹೋಗಿ, ಬಹುಪಾಲು ಮಾತೂ ಹೋಗಿ, ಹಾಸಿಗೆ ಹಿಡಿದಳು. ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಒಂದು ದಿನ ಅವಳ ಮೈ ಸುಡುತ್ತಿತ್ತು. ಗಂಜಿಯ ಚಮಚ ತುಟಿಗೆ ತಂದರೆ ಮುಖ ತಿರುಗಿಸುತ್ತಿದ್ದಳು. ಅಪ್ಪ ಅವತ್ತು ಪಡಸಾಲೆಯ ಬೀಗ ತೆಗೆದು, ತಟ್ಟೆಗಳನ್ನು ಗೋಡೆಗೆ ಒತ್ತರಿಸಿ, ಅವಳ ಹಾಸಿಗೆಯನ್ನು ಅಲ್ಲಿಗೇ ತಂದು ಹಾಕಿದ್ದ. ಮಧ್ಯಾಹ್ನ ನಾನೊಬ್ಬಳೇ ಪಕ್ಕದಲ್ಲಿದ್ದೆ. ಅವ್ವ ಕಣ್ಣು ತೆರೆದು ಸೂರು ನೋಡಿದಳು, ತಟ್ಟೆಗಳನ್ನು ನೋಡಿದಳು, ಚೌಕಟ್ಟಿನ ಕಡೆ ನೋಡಿದಳು. ತನ್ನ ಕೈಯಿಂದಲೇ ತನ್ನ ಹಣೆ ಮುಟ್ಟಿಕೊಂಡಳು. ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ ಕೇಳಿದಳು.

"ಎಷ್ಟನೇ ಜ್ವರ?"

ನಾನು ಅವಸರ ಮಾಡಲಿಲ್ಲ. ಅವಳ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಉಗುರುಗಳಲ್ಲಿ ಹಸಿರು ಇರಲಿಲ್ಲ.

"ನಾಲ್ಕನೇದು ಅವ್ವ."

ಅವಳು ತಟ್ಟೆಗಳ ಕಡೆ ತಿರುಗಿದಳು. "ಹಂಗಾದ್ರೆ ಎದ್ದ ಮೇಲೆ ಸೊಪ್ಪು ಸಾಲಲ್ಲ ನೋಡು," ಎಂದಳು. "ತೋಟದಲ್ಲಿ ಐತಾ?"

ತೋಟ ಹಿಂದಿನ ವಾರವಷ್ಟೇ ಬುಡದವರೆಗೆ ಕೊಯ್ದು ಬೋಳಾಗಿತ್ತು.

"ಇದೆ ಅವ್ವ," ಎಂದೆ. "ಬೇಕಾದಷ್ಟಿದೆ."